ಅಣ್ಣ ದಾಟಿದ ರಸ್ತೆಗಳು

ರಸ್ತೆ ದಾಟುವಾಗ ಅಣ್ಣನ ಪಕ್ಕದಲ್ಲಿ ನಿಲ್ಲುವುದು, ಅಷ್ಟೇ ನಾನು ಮಾಡಬೇಕಾಗಿದ್ದ ಕೆಲಸ. ಅದನ್ನು ನಾನು ಮಾಡಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ಆದರೆ ಅಣ್ಣನ ಸಾವಿನ ಬಗ್ಗೆ ಊರಿನವರು ಹೇಳಿದ ಮಾತು ಸರಿಯಲ್ಲ. ಅದು ಸರಿಯಲ್ಲ ಎಂದು ಗೊತ್ತಿದ್ದವರು ನಾವಿಬ್ಬರೇ. ಅಣ್ಣ ಹೋದ ಮೇಲೆ ನಾನೊಬ್ಬಳೇ.

ನಮ್ಮ ಶಿರ್ತಾಡಿ ಪೇಟೆಯಲ್ಲಿ ಅವನನ್ನು ಸಿಗ್ನಲ್ ವಾಸಣ್ಣ ಎನ್ನುತ್ತಿದ್ದರು. ಅಲ್ಲಿ ಸಿಗ್ನಲ್ ಇಲ್ಲ, ರಸ್ತೆಗೆ ಬಿಳಿ ಪಟ್ಟೆಯೂ ಇಲ್ಲ. ಜನ ಫೋನಿನಲ್ಲಿ ಮಾತಾಡುತ್ತಲೇ ದಾಟುತ್ತಾರೆ. ನಡುವೆ ನಿಂತು ಮಾತು ಮುಗಿಸುವವರೂ ಉಂಟು. ಅಣ್ಣ ಮಾತ್ರ ರಸ್ತೆಯ ಅಂಚಿಗೆ ಬಂದು, ಎರಡೂ ಪಾದ ಜೋಡಿಸಿ, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ನಿಲ್ಲುತ್ತಿದ್ದ. ಮೊದಲು ಎಡಕ್ಕೆ ನೋಡುತ್ತಿದ್ದ. ಆಮೇಲೆ ಇದು ನಮ್ಮ ದೇಶ ಎಂದು ನೆನಪಾಗಿ ಬಲಕ್ಕೆ. ಸಂಶಯ ಬಂದು ಮತ್ತೆ ಎಡಕ್ಕೆ. ದೂರದಲ್ಲಿ ಒಂದು ಸೈಕಲ್ ಕಂಡರೂ ಅದು ಬಂದು ಹೋಗುವವರೆಗೆ ಕಾಯುತ್ತಿದ್ದ.

ಆಟೋ ಸ್ಟ್ಯಾಂಡಿನವರಿಗೆ ಅದೊಂದು ಮನರಂಜನೆ. “ವಾಸಣ್ಣ, ಹಸಿರು ಬಿತ್ತು, ದಾಟಿ” ಎಂದು ಒಬ್ಬ ಕೂಗಿದರೆ ಅಣ್ಣ ತಿರುಗಿಯೂ ನೋಡದೆ, “ನಿನ್ನ ಅಂಗಿ ಕೆಂಪು ಉಂಟಲ್ಲ ಮಾರಾಯ, ಹೇಗೆ ದಾಟುವುದು?” ಎನ್ನುತ್ತಿದ್ದ. ಅವರು ನಗುತ್ತಿದ್ದರು. ಅವನಿಗೆ ಬೇಸರವಿರಲಿಲ್ಲ. ಬೇಸರವಾಗುತ್ತಿದ್ದದ್ದು ನನಗೆ.

ಅವನದು ಹೋಟೆಲಿನಲ್ಲಿ ದೋಸೆ ಹೊಯ್ಯುವ ಕೆಲಸ. ಮೊದಲು ಬೊಂಬಾಯಿ, ಆಮೇಲೆ ಎರಡು ವರ್ಷ ನೈರೋಬಿ, ಮತ್ತೆ ಮಸ್ಕತ್, ಕೊನೆಗೆ ದೋಹಾ. ಕೊನೆಯ ಹತ್ತೊಂಬತ್ತು ವರ್ಷ ವಾಹನಗಳು ಬಲಬದಿಯಲ್ಲಿ ಓಡುವ ದೇಶಗಳಲ್ಲೇ ಕಳೆದದ್ದರಿಂದ ಅವನ ಕುತ್ತಿಗೆ ಮೊದಲು ಎಡಕ್ಕೆ ತಿರುಗುತ್ತಿತ್ತು. ಮದುವೆಯಾಗಲಿಲ್ಲ. ಮೊಣಕಾಲು ನಿಲ್ಲಲು ಬಿಡದಾದ ಮೇಲೆ ಊರಿಗೆ ಬಂದು ನಮ್ಮ ಮನೆಯಲ್ಲಿ ಉಳಿದ.

ಅಷ್ಟು ಪೇಟೆ ಕಂಡವನಿಂದ ಕತೆ ಕೇಳುವ ಆಸೆ ನನಗೆ. ಬೀಡಿ ಕಟ್ಟುತ್ತ ಕೇಳುತ್ತಿದ್ದೆ. ಎತ್ತರದ ಕಟ್ಟಡ ಹೇಗುಂಟು, ಸಮುದ್ರ ಹೇಗುಂಟು ಎಂದು ಏನು ಕೇಳಿದರೂ ಅವನ ಮಾತು ರಸ್ತೆಗೇ ಬಂದು ನಿಲ್ಲುತ್ತಿತ್ತು. ಒಮ್ಮೆ ನಾನು ಸಿಟ್ಟಾದಾಗ ಹೇಳಿದ:

“ನನ್ನ ರೂಮು ರಸ್ತೆಯ ಈಚೆ, ಹೋಟೆಲು ಆಚೆ. ದಾಟುವಾಗ ಕಂಡದ್ದೇ ನಾನು ಕಂಡ ಪೇಟೆ, ಸುಮ. ಉಳಿದದ್ದೆಲ್ಲ ದೋಸೆಯ ಕಾವಲಿ.”

ಹಾಗಾಗಿ ನಾನು ಲೋಕದ ಪೇಟೆಗಳನ್ನು ತಿಳಿದದ್ದು ದಾಟುವ ಕ್ರಮದಿಂದಲೇ. ಬೊಂಬಾಯಿಯಲ್ಲಿ ರಸ್ತೆ ದಾಟುವುದು ಒಬ್ಬನ ಕೆಲಸವಲ್ಲವಂತೆ. ಹತ್ತು ಜನ ಸೇರುವವರೆಗೆ ಕಾದು, ಎಲ್ಲರೂ ಒಟ್ಟಿಗೆ ನುಗ್ಗಬೇಕು. ಹೆಸರು ಗೊತ್ತಿಲ್ಲದವರ ತೋಳು ಹಿಡಿದರೂ ಯಾರೂ ಏನೂ ಅನ್ನುವುದಿಲ್ಲ. ನೈರೋಬಿಯಲ್ಲಿ ಸಣ್ಣ ವ್ಯಾನುಗಳು ಟೇಪಿನಲ್ಲಿ ದೊಡ್ಡದಾಗಿ ಪದ್ಯ ಹಾಕಿಕೊಂಡು ಬರುತ್ತವೆ. ಅಲ್ಲಿ ಕಣ್ಣಿಗಿಂತ ಮೊದಲು ಕಿವಿ ಬೇಕು. ಮಸ್ಕತ್ತಿನಲ್ಲಿ ಎಷ್ಟು ದೊಡ್ಡ ಕಾರಾದರೂ ಪಟ್ಟೆಯ ಹತ್ತಿರ ನಿಲ್ಲುತ್ತದೆ. “ನಾನು ಹಿಟ್ಟು ಮೆತ್ತಿದ ಲುಂಗಿಯವ. ನನಗೋಸ್ಕರ ಒಬ್ಬ ಸಾಹುಕಾರ ಬ್ರೇಕು ಹಾಕುತ್ತಾನಲ್ಲ, ಆಗ ನಾನೂ ಒಬ್ಬ ಮನುಷ್ಯ ಅಂತ ಅನ್ನಿಸ್ತದೆ” ಎನ್ನುತ್ತಿದ್ದ. ದೋಹಾದಲ್ಲಿ ದೀಪದೊಳಗೆ ಹಸಿರು ಮನುಷ್ಯ ಕಾಣಿಸಿಕೊಂಡಾಗ ಮಾತ್ರ ದಾಟಬೇಕು. ಮಧ್ಯಾಹ್ನದ ಬಿಸಿಲಲ್ಲಿ ಒಂದೂ ವಾಹನ ಇಲ್ಲದಿದ್ದರೂ ಅಣ್ಣ ಕಾದು ನಿಲ್ಲುತ್ತಿದ್ದನಂತೆ. ದೂರದ ಊರಲ್ಲಿ ತನ್ನ ಬಗ್ಗೆ ಯೋಚಿಸುವವ ಅವನೊಬ್ಬನೇ ಎಂದು ಆ ಹಸಿರು ಮನುಷ್ಯನ ಬಗ್ಗೆ ಹೇಳುತ್ತಿದ್ದ.

ಕಳೆದ ವರ್ಷ ಬೆಳ್ತಂಗಡಿಯಲ್ಲಿ ನನ್ನ ಗಂಡನ ಕಡೆಯ ಒಂದು ಮದುವೆ. ಅಣ್ಣ, ನಾನು ಇಬ್ಬರೇ ಬಸ್ಸಿನಲ್ಲಿ ಹೋದೆವು. ಮದುವೆಯ ಹಾಲ್ ರಸ್ತೆಯ ಆ ಬದಿಗೆ ಇತ್ತು. ಘಟ್ಟಕ್ಕೆ ಹೋಗುವ ಲಾರಿ, ಕಾರು ಬಿಡುವಿಲ್ಲದೆ ಬರುತ್ತಿದ್ದವು. ಅಣ್ಣ ಪಾದ ಜೋಡಿಸಿ ನಿಂತ. ಹಾಲ್‌ನ ಬಾಗಿಲಲ್ಲಿ ನಿಂತಿದ್ದ ನೆಂಟರು ನೋಡುತ್ತಿದ್ದರು. “ಎತ್ತಿಕೊಂಡು ಬರ್ಬೇಕಾ ವಾಸಣ್ಣ?” ಎಂದು ಒಬ್ಬರು ಕೂಗಿದಾಗ ಅಲ್ಲಿದ್ದ ಹೆಂಗಸರೂ ನಕ್ಕರು. ನಾವು ಒಳಗೆ ಹೋಗುವಾಗ ಧಾರೆ ಮುಗಿದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಬಹುದಿತ್ತು. “ಅಷ್ಟು ದೇಶ ಸುತ್ತಿ ಬಂದವನಿಗೆ ಒಂದು ರಸ್ತೆ ದಾಟಲಿಕ್ಕೆ ಗೊತ್ತಿಲ್ಲ. ನಿನ್ನೊಟ್ಟಿಗೆ ಬಂದರೆ ನನ್ನ ಮರ್ಯಾದೆ ಹೋಗ್ತದೆ” ಎಂದೆ. ಅವನು ಕಿಟಕಿಯ ಕಡೆ ತಿರುಗಿದ. ವೇಣೂರು ದಾಟಿದ ಮೇಲೆ ಮೆಲ್ಲಗೆ, “ಆಯಿತು ಸುಮ. ಇನ್ನು ಮೇಲೆ ನೀನು ಹೇಳಿದಾಗ ದಾಟ್ತೇನೆ. ನಾನು ನೋಡುವುದಿಲ್ಲ” ಎಂದ.

ಅದು ಸಿಟ್ಟಿನ ಮಾತಾಗಿರಲಿಲ್ಲ. ಅವನು ಹಾಗೆಯೇ ನಡೆದುಕೊಂಡ. ಆಮೇಲಿನ ದಿನಗಳಲ್ಲಿ ಅಭ್ಯಾಸಬಲದಿಂದ ಎಡಕ್ಕೆ, ಬಲಕ್ಕೆ ನೋಡಿದರೂ ಕೊನೆಗೆ ನನ್ನ ಮುಖ ನೋಡುತ್ತಿದ್ದ. ನಾನು “ಹೋಗುವ” ಎಂದರೆ ಮಾತ್ರ ಕಾಲೆತ್ತುತ್ತಿದ್ದ.

ಆ ಸೋಮವಾರ ಶಿರ್ತಾಡಿಯಲ್ಲಿ ಬೀಡಿ ಬ್ರಾಂಚಿಗೆ ನಾನು ಕಟ್ಟಿದ ಬೀಡಿ ಕೊಟ್ಟು ಹೊರಗೆ ಬಂದಾಗ ನಮ್ಮ ಬಸ್ಸು ಆಚೆ ಬದಿಯಲ್ಲಿ ನಿಂತಿತ್ತು. ಕಂಡಕ್ಟರ್ ಸೀಟಿ ಊದಿದ. ನಾನು ಓಡಿ ದಾಟಿದೆ. ಬಸ್ಸಿನ ಸರಳು ಹಿಡಿದು ತಿರುಗಿ ನೋಡಿದರೆ ಅಣ್ಣ ಅಂಚಿನಲ್ಲೇ ನಿಂತು ನನ್ನನ್ನು ನೋಡುತ್ತಿದ್ದ. ಆಟೋದವರೂ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಕಂಡಕ್ಟರನ ಕಡೆ ಮುಖ ತಿರುಗಿಸಿ, ರಸ್ತೆಯನ್ನು ನೋಡದೆ, ಬಾ ಎಂದು ಜೋರಾಗಿ ಕೈ ಬೀಸಿದೆ.

ಅಣ್ಣ ಬಂದ. ಬೈಕು ಮೂಡುಬಿದಿರೆಯ ಕಡೆಯಿಂದ ಬಂತು.

ಸೊಂಟದ ಎಲುಬು ಮುರಿಯಿತು. ಬೈಕಿನವನು ರಬ್ಬರ್ ತೋಟದಲ್ಲಿ ಕೆಲಸ ಮಾಡುವವ, ಬಡಪಾಯಿ; ಅವನೇ ಅಣ್ಣನನ್ನು ಎತ್ತಿ ಆಟೋದಲ್ಲಿ ಕೂರಿಸಿದ. ಆಟೋ ಹೊರಡುವ ಮೊದಲೇ ಜಂಕ್ಷನ್ನಿನಲ್ಲಿ ಕಾರಣ ತಯಾರಾಗಿತ್ತು: ಪಾಪ, ಗಲ್ಫಿನ ಅಭ್ಯಾಸ, ತಪ್ಪು ಕಡೆ ನೋಡಿದರು. ನಾನು ಅಲ್ಲ ಎನ್ನಲಿಲ್ಲ.

ಮೂರು ತಿಂಗಳು ಅವನು ನಮ್ಮ ಚಾವಡಿಯಲ್ಲಿ ಮಲಗಿದ್ದ. ನೋಡಲು ಬಂದವರೆಲ್ಲ ಹೇಗಾಯಿತು ಎಂದು ಕೇಳುತ್ತಿದ್ದರು. ನಾನು ಚಹಾದ ಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದೆ. ಅಣ್ಣ ನನ್ನ ಕಡೆ ನೋಡದೆ ಹೇಳುತ್ತಿದ್ದ: “ಎಂತ ಮಾಡುವುದು, ಕುತ್ತಿಗೆ ಅರಬ್ಬಿಗಳದ್ದು. ಎಡಕ್ಕೇ ತಿರುಗಿತು.” ಬಂದವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಬೈಕಿನವನು ಹಣ್ಣು ಹಿಡಿದುಕೊಂಡು ಬಂದು ಅಂಗಳದಲ್ಲೇ ನಿಂತಾಗ ಅಣ್ಣ ಅವನನ್ನು ಒಳಗೆ ಕರೆಸಿ ಅದನ್ನೇ ಹೇಳಿದ.

ಇಬ್ಬರೇ ಇದ್ದಾಗ ಎಷ್ಟೋ ಸಲ “ಅಣ್ಣ, ಆ ದಿನ” ಎಂದು ಬಾಯಿ ತೆರೆದಿದ್ದೇನೆ. “ಗಂಜಿಗೆ ಉಪ್ಪು ಕಮ್ಮಿ” ಎನ್ನುತ್ತಿದ್ದ. ಇಲ್ಲವೇ ದಿಂಬು ಸರಿಮಾಡಲು ಹೇಳುತ್ತಿದ್ದ. ದಿಂಬು ಸರಿಮಾಡುತ್ತಿದ್ದೆ. ಅವನು ಹೇಳಲು ಬಿಡಲಿಲ್ಲವೋ, ನನಗೇ ಅಷ್ಟು ಸಾಕಿತ್ತೋ, ಈಗ ಯೋಚಿಸಿದರೆ ಎರಡನೆಯದೇ ನಿಜ. ಆಮೇಲೆ ಜ್ವರ ಬಂತು, ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದ ಎರಡನೆಯ ದಿನ, ನಾನು ಕಾರಿಡಾರಿನಲ್ಲಿ ಔಷಧಿಯ ಚೀಟಿ ಹಿಡಿದು ನಿಂತಿರುವಾಗಲೇ ಹೋಗಿಬಿಟ್ಟ.

ನಮ್ಮಲ್ಲಿ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ಯಾರಾದರೂ ಹಿರಿಯರು ಹೋದವರ ಬಗ್ಗೆ ನಾಲ್ಕು ಮಾತಾಡುತ್ತಾರೆ. ಅಣ್ಣನ ಬಗ್ಗೆ ಮಾತಾಡಿದ್ದು ಊರಿನ ನಿವೃತ್ತ ಮಾಸ್ಟ್ರು. ಚೆನ್ನಾಗಿಯೇ ಹೇಳಿದರು. ಕೊನೆಗೆ, ಅಷ್ಟು ಪೇಟೆಗಳ ರಸ್ತೆ ದಾಟಿ ಬಂದ ನಮ್ಮ ವಾಸಣ್ಣ ಸ್ವಂತ ಊರಿನಲ್ಲಿ ಎಡ ಬಲ ತಪ್ಪಿದರು ಎಂದರು. ಕೆಲವರು ತಲೆಯಾಡಿಸಿದರು, ಕೆಲವರು ಸಣ್ಣಗೆ ನಕ್ಕರು. ಒಂದು ನಿಮಿಷ ಮೌನಕ್ಕೆ ಎಲ್ಲರೂ ಎದ್ದು ನಿಂತರು.

ಮೌನ ಮುಗಿದು ಎಲ್ಲರೂ ಕುಳಿತರು. ನನಗೆ ಕೂರಲು ಆಗಲಿಲ್ಲ. ಹೆಂಗಸರು ಅಂಥ ಕಡೆ ಮಾತಾಡುವ ಕ್ರಮವಿಲ್ಲ. ಗಂಡ ಸೆರಗು ಹಿಡಿದು ಎಳೆದರು. ಮೈಕು ಬೇಕಾಗಲಿಲ್ಲ, ಅಷ್ಟು ನಿಶ್ಶಬ್ದವಿತ್ತು. ಹಾರ ಹಾಕಿದ ಫೋಟೋದ ಕಡೆ ತಿರುಗಿ ತುಳುವಿನಲ್ಲೇ ಹೇಳಿದೆ:

“ಮಾಸ್ಟ್ರು ಹೇಳಿದ್ದು ಸರಿಯಲ್ಲ. ಅಣ್ಣ ಎರಡೂ ಕಡೆ ನೋಡಿ ನಿಂತಿದ್ದ. ಬಾ ಅಂತ ಕೈ ಬೀಸಿದ್ದು ನಾನು. ನೋಡದೆ ಬೀಸಿದೆ. ಅಣ್ಣ, ನೀನು ಎಲ್ಲರ ಎದುರು ಸುಳ್ಳು ಹೇಳಿದೆ, ನಾನು ಕೇಳಿಕೊಂಡು ನಿಂತೆ. ತಪ್ಪಾಯಿತು ಅಣ್ಣ. ನನ್ನಿಂದ ತಪ್ಪಾಯಿತು.”