ಟೈಗರ್ ನಾಯಿ ಮತ್ತು ಕೆಳಗಿನ ಮನೆಯ ಮೌಶಿ

ನಾನು ಚಿಕ್ಕವನಿದ್ದಾಗ ನಾವು ಮರಾಠಿ ಸೀಮೆಯ ನೆರೂಳ ಎಂಬ ಊರಿನಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ ಅದು. ನಿಮಗೆ ಅದೂ ಒಂದೇ, ಮಹಾಭಾರತದ ಕಾಲವೂ ಒಂದೇ ಅನ್ನಿಸಬಹುದು ಮಕ್ಕಳೇ. ನನಗೆ ಮಾತ್ರ ನಿನ್ನೆ ಸಂಜೆಯ ಹಾಗಿದೆ. ಆಗ ಫೋನಿಗೆ ಗುಂಡಿಗಳಿದ್ದವು, ಆ ಫೋನು ಅಪ್ಪನ ಜೇಬಿನಲ್ಲಿ ಮಾತ್ರ ಇರುತ್ತಿತ್ತು. ನಾಲ್ಕು ಮಹಡಿಯ ಕಟ್ಟಡದ ಒಂದನೇ ಮಹಡಿಯಲ್ಲಿ ನಮ್ಮ ಮನೆ. ಮುಂದಿನ ಕಿಟಕಿ ತೆರೆದರೆ ಲೋಕಲ್ ರೈಲಿನ ಸದ್ದು, ಹಿಂದಿನ ಕಿಟಕಿ ತೆರೆದರೆ ಸಮುದ್ರದ ನೀರು ಊರೊಳಗೆ ನುಗ್ಗಿ ಬರುವ ಖಾಡಿಯ ಉಪ್ಪು ಕೆಸರಿನ ವಾಸನೆ. ಚಳಿಗಾಲದಲ್ಲಿ ಆ ಖಾಡಿಗೆ ಫ್ಲೆಮಿಂಗೋ ಹಕ್ಕಿಗಳು ಬಂದಿಳಿಯುತ್ತಿದ್ದವು. ಸಂಜೆ ಅವು ಹಾರಿಹೋಗುವಾಗ ಆಕಾಶದ ಒಂದು ತುಂಡು ಗುಲಾಬಿಯಾಗುತ್ತಿತ್ತು.

ಅಪ್ಪ ಉಡುಪಿ ಕಡೆಯವರು. ಸ್ಟೇಷನ್ ಹತ್ತಿರದ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದರು. ಅವರ ಅಂಗಿಗೆ ಯಾವಾಗಲೂ ಊದುಬತ್ತಿ ಮತ್ತು ಸಾಂಬಾರು ಬೆರೆತ ಪರಿಮಳ. ಎಲ್ಲರಿಗೂ ಅವರು ಹೋಟೆಲಿನ ಶೆಟ್ರ ಕಡೆಯ ಮನುಷ್ಯ. ಅಕ್ಕನಿಗೂ ನನಗೂ ಮಾತ್ರ ಭಾನುವಾರ ಮಧ್ಯಾಹ್ನ ಅವರು ಯಕ್ಷಗಾನದ ಗುರುಗಳಾಗಿಬಿಡುತ್ತಿದ್ದರು. ಹಾಲ್‌ನಲ್ಲಿದ್ದ ಟೀಪಾಯಿಯನ್ನು ಬಾಲ್ಕನಿಗೆ ತಳ್ಳಿ, ನಮ್ಮ ಕಾಲಿಗೆ ಗೆಜ್ಜೆ ಕಟ್ಟಿ, ಬಿಸ್ಕತ್ತಿನ ಡಬ್ಬಿಯ ಮೇಲೆ ತಾಳ ಹಾಕುತ್ತಾ ಪಾಠ ಶುರು ಮಾಡುತ್ತಿದ್ದರು.

ಮೊದಲ ಭಾನುವಾರವೇ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಮೌಶಿ ನಿಂತಿದ್ದರು, ಮರಾಠಿಯಲ್ಲಿ ಚಿಕ್ಕಮ್ಮನಿಗೆ ಮೌಶಿ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು ಅವರು, ಮಧ್ಯಾಹ್ನವೇ ಅವರಿಗೆ ರಾತ್ರಿ. ನಾವು ಹಾರಿ ಸುತ್ತು ಹಾಕಿದ್ದೆಲ್ಲ ಅವರ ನೆತ್ತಿಯ ಮೇಲೆಯೇ ಆಗಿತ್ತು. ಜಗಳವಾಡಲು ಬಂದವರ ಮುಖವಲ್ಲ ಅದು, ನಿದ್ದೆಯಿಲ್ಲದ ಮುಖ. ಸ್ವಲ್ಪ ಹೊತ್ತು ಮಲಗಲು ಬಿಡಿ ಎಂದು ಮರಾಠಿಯಲ್ಲಿ ಕೇಳಿಕೊಂಡು ಇಳಿದುಹೋದರು. ಅಪ್ಪ ನಾಚಿ ನೀರಾದರು.

ಬೇರೆಯವರಾದರೆ ಪಾಠ ನಿಲ್ಲಿಸುತ್ತಿದ್ದರು. ಅಪ್ಪ ಪಾಠವನ್ನೇ ಬದಲಾಯಿಸಿದರು. ಅಂದಿನಿಂದ ಭಾನುವಾರದ ಅರ್ಧ ಹೊತ್ತು ಕೈಯ ಅಭಿನಯ ಮತ್ತು ಮಾತು. ಉಳಿದರ್ಧ ಹೊತ್ತು ಸುಮ್ಮನೆ ನಿಲ್ಲುವುದು. ಕಾಲಲ್ಲಿ ಗೆಜ್ಜೆ ಇರಬೇಕು, ಒಂದೇ ಒಂದು ಗೆಜ್ಜೆಯೂ ಉಲಿಯಬಾರದು. "ಕುಣಿಲಿಕ್ಕೆ ಯಾರಿಗೂ ಬರ್ತದೆ ಮಗಾ, ಗೆಜ್ಜೆ ಕಟ್ಟಿ ನಿಲ್ಲಲಿಕ್ಕೆ ಬರಬೇಕು" ಎನ್ನುತ್ತಿದ್ದರು. ಉಸಿರು ಬಿಗಿಹಿಡಿದರೆ ಕಾಲು ನಡುಗುತ್ತದೆ, ಉಸಿರನ್ನು ಹಿಮ್ಮಡಿಯವರೆಗೆ ಇಳಿಯಬಿಡಬೇಕು, ಕಣ್ಣು ದೂರದಲ್ಲಿರಬೇಕು. ಅಕ್ಕ ಏಳನೇ ಕ್ಲಾಸು. ಅವಳು ನಿಂತರೆ ಗೋಡೆಗೆ ಒರಗಿಸಿಟ್ಟ ಬೊಂಬೆಯೇ. ನಾನು ಎರಡನೇ ಕ್ಲಾಸು. ನಿಂತ ಕೂಡಲೇ ಮೂಗು ತುರಿಸುತ್ತಿತ್ತು, ಗೆಜ್ಜೆಗಳು ಚಾಡಿ ಹೇಳಿಬಿಡುತ್ತಿದ್ದವು.

ಇನ್ನು ಟೈಗರನ ವಿಷಯ ಹೇಳಬೇಕು. ನಮ್ಮ ಕಟ್ಟಡದ ಎದುರು ದೊಡ್ಡ ಮೈದಾನವಿತ್ತು. ಅದರ ಅಂಚಿನ ರೋ ಹೌಸಿನಲ್ಲಿ ಒಬ್ಬ ಸಾಹೇಬರಿದ್ದರು. ಅವರ ನಾಯಿ ಟೈಗರ್. ಕಂದು ಮೈ, ಹರಿದ ಒಂದು ಕಿವಿ, ಕುತ್ತಿಗೆಯಲ್ಲಿ ಪಟ್ಟಿಯಿಲ್ಲ, ಸರಪಳಿಯಿಲ್ಲ. ದಿನಾ ಬೆಳಿಗ್ಗೆ ಸಂಜೆ ಸಾಹೇಬರು ಗೇಟು ತೆಗೆದು ಅದನ್ನು ಮೈದಾನಕ್ಕೆ ಬಿಟ್ಟು, ಚಹಾದ ಕಪ್ಪು ಹಿಡಿದು ನಿಲ್ಲುತ್ತಿದ್ದರು. ಪೇಪರಿನವನ ಪ್ಯಾಂಟು ಹರಿದಾಗಲೂ, ಹಾಲಿನವನು ಸೈಕಲ್ ಬಿಟ್ಟು ಗೋಡೆ ಹತ್ತಿದಾಗಲೂ ಅವರದು ಒಂದೇ ಮಾತು: "ಕಾಹೀ ಕರತ ನಾಹೀ ತೋ." ಅಂದರೆ, ಅದು ಏನೂ ಮಾಡುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ನಮ್ಮವರೂ ಗಾದೆ ಮಾಡಿಟ್ಟಿದ್ದಾರಲ್ಲ. ಪಾಪ, ಟೈಗರನಿಗೆ ಕನ್ನಡ ಬರುತ್ತಿರಲಿಲ್ಲ.

ಒಂದು ಸಂಜೆ ಅದು ನನ್ನ ಕಡೆ ಬಂತು. ನಾನು ಓಡಿದೆ, ಅದೂ ಓಡಿತು. ನನ್ನ ಮೀನಖಂಡದಲ್ಲಿ ಅದರ ಹಲ್ಲಿನ ಗುರುತು ಮೂಡಿತು. ಮೌಶಿಯೇ ನನ್ನನ್ನು ನಲ್ಲಿಯ ಕೆಳಗೆ ಕೂರಿಸಿ, ಸೋಪು ಹಚ್ಚಿ ತುಂಬಾ ಹೊತ್ತು ಗಾಯ ತೊಳೆದು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದರು. ನಾಯಿ ಬಂದರೆ ಓಡಬೇಡ, ನಿಂತುಬಿಡು ಎಂದು ದಾರಿಯುದ್ದಕ್ಕೂ ಹೇಳಿದರು. ಹೇಳುವುದು ಸುಲಭ ಎಂದುಕೊಂಡೆ ನಾನು. ಅಪ್ಪ ಸಾಹೇಬರ ಮನೆಗೆ ಹೋಗಿ ಅದೇ ಮರಾಠಿ ವಾಕ್ಯ ಕೇಳಿಸಿಕೊಂಡು ಬಂದರು. ಆಮೇಲೆ ನಾನು ಮೈದಾನಕ್ಕೆ ಕಾಲಿಡಲಿಲ್ಲ. ಬೇರೆ ಮಕ್ಕಳು ಕ್ರಿಕೆಟ್ ಆಡುವುದನ್ನು ಬಾಲ್ಕನಿಯಿಂದ ನೋಡುತ್ತಿದ್ದೆ. ಬಹಳ ದುಃಖವಾಗುತ್ತಿತ್ತು.

ಆ ಚಳಿಗಾಲದಲ್ಲಿ ನಮ್ಮ ಕಡೆಯ ಜನರೆಲ್ಲ ಸೇರಿ ಅದೇ ಮೈದಾನದ ಆಚೆ ತುದಿಯಲ್ಲಿ ಯಕ್ಷಗಾನದ ಆಟ ಇಟ್ಟುಕೊಂಡರು. ಅಕ್ಕನಿಗೆ ಅಭಿಮನ್ಯು. ನನಗೆ ಬಾಲಗೋಪಾಲ, ಕಥೆ ಶುರುವಾಗುವ ಮೊದಲು ಕುಣಿದು ದೇವರಿಗೆ ಕೈಮುಗಿದು ಹೋಗುವ ಪುಟ್ಟ ವೇಷ. ವೇಷ ಹಾಕಿಕೊಳ್ಳುವ ಜಾಗಕ್ಕೆ ಚೌಕಿ ಎನ್ನುತ್ತಾರೆ. ವೇದಿಕೆಯ ಹಿಂದೆ ಜಾಗವಿರಲಿಲ್ಲವೆಂದು ನಮ್ಮಿಬ್ಬರ ಚೌಕಿ ನಮ್ಮ ಮನೆಯಲ್ಲೇ ಆಯಿತು. ನಾನು ಮೈದಾನ ದಾಟುವುದಿಲ್ಲ ಎಂದು ಹಟ ಹಿಡಿದೆ. ನಾನೇ ಕೈಹಿಡಿದು ಕರೆದೊಯ್ಯುತ್ತೇನೆ ಎಂದು ಅಪ್ಪ ಮಾತು ಕೊಟ್ಟ ಮೇಲೆ ಒಪ್ಪಿದೆ.

ಆ ಮಧ್ಯಾಹ್ನ ನಮ್ಮ ಮನೆ ನಮ್ಮ ಮನೆಯಾಗಿರಲಿಲ್ಲ. ಫ್ರಿಜ್ಜಿನ ಮೇಲೆ ಕಿರೀಟ, ಹೊಲಿಗೆ ಮೆಷಿನ್ನಿನ ಮೇಲೆ ಭುಜಕೀರ್ತಿ, ಗಾಳಿಯಲ್ಲಿ ತೆಂಗಿನೆಣ್ಣೆ ಮತ್ತು ಮುಖದ ಬಣ್ಣದ ವಾಸನೆ. ಕನ್ನಡಿಯಲ್ಲಿ ನನ್ನನ್ನು ನೋಡಿ ನನಗೇ ಗುರುತು ಸಿಗಲಿಲ್ಲ. ಚೌಕಿಯ ಗಣಪತಿಗೆ ಅಡ್ಡಬಿದ್ದು, ಅಲ್ಲಿಯೇ ಗೆಜ್ಜೆ ಕಟ್ಟಬೇಕು, ಕಟ್ಟಿದ ಗೆಜ್ಜೆಯನ್ನು ಆಟ ಮುಗಿಯುವವರೆಗೆ ಬಿಚ್ಚಬಾರದು ಎಂಬುದು ಅಪ್ಪನ ನಿಯಮ. ಊರಿನಲ್ಲಿ ಚೌಕಿಗೂ ರಂಗಸ್ಥಳಕ್ಕೂ ನಡುವೆ ಒಂದು ಪರದೆ. ನೆರೂಳದಲ್ಲಿ ನಡುವೆ ಇಡೀ ಮೈದಾನವಿದೆ, ಮೈದಾನದಲ್ಲಿ ಟೈಗರ್ ಇದೆ ಎಂಬುದು ಗೆಜ್ಜೆ ಕಟ್ಟುವ ಸಂಭ್ರಮದಲ್ಲಿ ಅವರ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಮೈಕು ಕೈಕೊಟ್ಟಿತೆಂದು ಫೋನು ಬಂತು. ಈಗ ಬಂದೆ ಎಂದು ಅಪ್ಪ ಓಡಿದರು. ಎಷ್ಟು ಹೊತ್ತಾದರೂ ಬರಲಿಲ್ಲ. ಆಚೆಯಿಂದ ಚಂಡೆ ಕರೆಯತೊಡಗಿತು. "ಬಾ, ನಾನಿದ್ದೇನಲ್ಲ" ಎಂದು ಅಕ್ಕ ನನ್ನ ಕೈ ಹಿಡಿದಳು. ಅಮ್ಮ ಬೀಗ ಹಾಕಲು ಹಿಂದೆ ಉಳಿದಳು.

ಸೂರ್ಯ ಮುಳುಗುವ ಹೊತ್ತು. ಧೂಳೆಲ್ಲ ಬಂಗಾರದ ಬಣ್ಣ. ನಾವು ಹೆಜ್ಜೆ ಇಟ್ಟಲ್ಲೆಲ್ಲ ಘಲ್ ಘಲ್ ಎನ್ನುತ್ತಿತ್ತು, ಆ ಸದ್ದು ನಮ್ಮದಲ್ಲ, ನಮ್ಮ ಜೊತೆ ಕಾಣದ ಬೇರೆ ಯಾರೋ ನಡೆದು ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಮೈದಾನದ ನಡುವಿಗೆ ಬಂದಾಗ ರೋ ಹೌಸಿನ ಗೇಟಿನಿಂದ ಟೈಗರ್ ಹೊರಬಂತು.

ಅದು ಅಂಥ ವೇಷವನ್ನೂ ಅಂಥ ಸದ್ದನ್ನೂ ಕಂಡು ಕೇಳಿರಲಿಲ್ಲ. ಕುತ್ತಿಗೆಯ ಕೂದಲು ನಿಗುರಿತು, ಹಲ್ಲು ಕಾಣಿಸಿತು. ಬೊಗಳುತ್ತಾ ಬಂದು ನಮ್ಮ ಸುತ್ತ ತಿರುಗತೊಡಗಿತು. ಅಭಿಮನ್ಯುವಿಗೆ ರಂಗಸ್ಥಳ ತಲುಪುವ ಮೊದಲೇ ಚಕ್ರವ್ಯೂಹ. ಅಕ್ಕನ ಕೈಯಲ್ಲಿ ಮರದ ಬಿಲ್ಲಿತ್ತು. ಅವಳು ಅದನ್ನು ಎತ್ತಲಿಲ್ಲ. ನಿಂತುಬಿಟ್ಟಳು. ಅವಳ ಗೆಜ್ಜೆಗಳು ಒಟ್ಟಿಗೆ ಸುಮ್ಮನಾದವು.

ನನ್ನವು ಸುಮ್ಮನಾಗಲಿಲ್ಲ. ಘಲ್ ಘಲ್ ಎನ್ನುತ್ತಲೇ ಇದ್ದವು. ಟೈಗರ್ ಅಕ್ಕನನ್ನು ಬಿಟ್ಟು ನನ್ನ ಕಾಲಿಗೇ ಬಂತು, ಗಾಯದ ಗುರುತಿದ್ದ ಅದೇ ಕಾಲಿಗೆ. ಅದರ ಗುರುಗುಟ್ಟುವಿಕೆ ನನ್ನ ಹೊಟ್ಟೆಯೊಳಗೆ ಕೇಳಿಸುತ್ತಿತ್ತು. ಓಡಬೇಕು, ಓಡಬೇಕು ಎನ್ನುವುದೊಂದೇ ತಲೆಯಲ್ಲಿ. ಆಗ ಅಕ್ಕ ತುಟಿಯನ್ನೂ ಅಲುಗಿಸದೆ ಪಿಸುಗುಟ್ಟಿದಳು.

"ಉಸಿರು ಬಿಡು ಮಾರಾಯಾ. ಕೆಳಗೆ ಮೌಶಿ ಮಲಗಿದ್ದಾರೆ ಅಂತ ಎಣಿಸು."

ನಾನು ಎಣಿಸಿದೆ. ಆ ಧೂಳಿನ ನೆಲದ ಕೆಳಗೆ ಮೌಶಿಯ ಕೋಣೆ ಕಂಡಿತು. ನೀಲಿ ಪರದೆ ಎಳೆದ ಕತ್ತಲು. ಮೆಲ್ಲಗೆ ತಿರುಗುವ ಫ್ಯಾನು. ಬಾಗಿಲ ಬಳಿ ಬಿಟ್ಟ ಬಿಳಿ ಚಪ್ಪಲಿ, ದಿಂಬಿನ ಪಕ್ಕ ಮಡಚಿಟ್ಟ ಕನ್ನಡಕ, ಇಡೀ ರಾತ್ರಿ ಯಾರ್ಯಾರಿಗೋ ಮಾತ್ರೆ ಕೊಟ್ಟು ದಣಿದ ಕೈ ಹಾಸಿಗೆಯ ಅಂಚಿನಲ್ಲಿ. ಪಾಪ, ಈಗಷ್ಟೇ ನಿದ್ದೆ ಹತ್ತಿದೆ. ಎಬ್ಬಿಸಬಾರದು. ನನ್ನ ಉಸಿರು ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಹಿಮ್ಮಡಿಗೆ ಇಳಿಯಿತು. ನನ್ನ ಗೆಜ್ಜೆಗಳು ಒಂದೊಂದಾಗಿ ನಿಂತವು. ಕೊನೆಯದೊಂದು ಕಿಣಿ ಎಂದು ಅದೂ ಮಲಗಿತು.

ಎಷ್ಟು ಹೊತ್ತು ಹಾಗೆ ನಿಂತೆವೋ ಗೊತ್ತಿಲ್ಲ. ತಲೆಯ ಮೇಲೆ ಫ್ಲೆಮಿಂಗೋಗಳು ಸಾಲಾಗಿ ಹೋದವು. ದೂರದಲ್ಲಿ ರೈಲು ಸ್ಟೇಷನ್ ಬಿಟ್ಟಿತು. ಟೈಗರನ ಒದ್ದೆ ಮೂಗು ನನ್ನ ಕಾಲಿಗೆ ತಗುಲಿತು, ತಣ್ಣಗಿತ್ತು. ಅದು ಗೆಜ್ಜೆಯನ್ನು ಮೂಸಿತು, ಬಣ್ಣದ ವಾಸನೆಗೋ ಏನೋ ಒಮ್ಮೆ ಸೀನಿತು. ಬೇಜಾರಾದವರ ಹಾಗೆ ತಿರುಗಿ, ಕ್ರಿಕೆಟಿನ ಸ್ಟಂಪಿನ ಬಳಿ ಹೋಗಿ ಕಾಲೆತ್ತಿತು.

ಪಂಚೆ ಎತ್ತಿಕಟ್ಟಿಕೊಂಡು ಅಪ್ಪ ಓಡಿಬಂದರು, ಅವರ ಹಿಂದೆ ಮೈದಾನದ ಜನ. ಸಾಹೇಬರೂ ಚಹಾದ ಕಪ್ಪಿನೊಂದಿಗೆ ಬಂದು ಅದೇ ಮಾತು ಹೇಳಿದರು. ಗಿರಾಕಿ ಬೈದರೂ ನಗುತ್ತಿದ್ದ ನನ್ನ ಅಪ್ಪ ಅವತ್ತು ನಗಲಿಲ್ಲ. ದನಿಯನ್ನೂ ಏರಿಸಲಿಲ್ಲ. ತಮ್ಮ ಹೋಟೆಲಿನ ಹಿಂದಿಯಲ್ಲಿ ಹೇಳಿದರು: "ನಿಮ್ಮ ನಾಯಿ ಏನೂ ಮಾಡುವುದಿಲ್ಲ ಅಂತೀರಿ ಸಾಹೇಬರೇ. ಏನೂ ಮಾಡದೆ ನಿಂತದ್ದು ನನ್ನ ಮಕ್ಕಳು. ಮೈದಾನಕ್ಕೆ ಬರುವ ಎಲ್ಲ ಮಕ್ಕಳಿಗೂ ನಾನು ಅದನ್ನು ಕಲಿಸಲಿಕ್ಕಾಗುತ್ತದೆಯೇ? ನೀವೇ ಒಂದು ಸರಪಳಿ ಹಾಕಿ." ಸುತ್ತಲಿದ್ದವರೆಲ್ಲ ಸಾಹೇಬರನ್ನೇ ನೋಡಿದರು. ಸಾಹೇಬರ ಚಹಾ ಆರಿಹೋಯಿತು. ಅವರು ಟೈಗರನನ್ನು ಕೈಯಲ್ಲೇ ಹಿಡಿದು ಒಳಗೆ ಕರೆದೊಯ್ದರು.

ಆ ಸಂಜೆ ನಾನು ಕುಣಿದೆ. ರಾತ್ರಿ ಪಾಳಿಗೆ ಹೊರಟಿದ್ದ ಮೌಶಿ ಬಿಳಿ ಸೀರೆಯಲ್ಲಿಯೇ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಅವರ ಮುಂದೆ ಹಾರಿ ಹಾರಿ ಕಾಲು ಬಡಿಯುವಾಗ ನನಗಾದ ಸಂತೋಷ ಎಷ್ಟೆಂದು ಹೇಳಲಾರೆ. ಮರುದಿನ ಸಂಜೆ ಟೈಗರ್ ಸರಪಳಿಯಲ್ಲಿ ಬಂತು. ಅದು ನಡೆದಂತೆಲ್ಲ ಸರಪಳಿ ಕಿಣಿಕಿಣಿ ಎನ್ನುತ್ತಿತ್ತು. "ನೋಡು, ಅವನಿಗೂ ಗೆಜ್ಜೆ ಕಟ್ಟಿದರು" ಎಂದಳು ಅಕ್ಕ. ನಾನು ಬ್ಯಾಟು ಹಿಡಿದು ಮೈದಾನಕ್ಕೆ ಇಳಿದೆ.

ಈಗ ನಾವಿರುವ ಈ ಎತ್ತರದ ಕಟ್ಟಡದಲ್ಲಿ ಬಾಗಿಲು ನಿಮ್ಮ ಮುಖ ನೋಡಿ ತೆರೆದುಕೊಳ್ಳುತ್ತದೆ. ನಾಯಿಗಳು ನಿಮಗಿಂತ ಚೆಂದದ ಕೋಟು ತೊಟ್ಟು ಲಿಫ್ಟಿನಲ್ಲಿ ಓಡಾಡುತ್ತವೆ. ಆದರೂ ಮೊನ್ನೆ ಅಂಥದೊಂದು ನಾಯಿ ಹಗ್ಗ ತಪ್ಪಿಸಿಕೊಂಡು ಗುರ್ರೆಂದಾಗ ನೀವಿಬ್ಬರೂ ನನ್ನ ಪಂಚೆ ಹಿಡಿದು ನಡುಗಿದಿರಿ. ಅದು ಏನೂ ಮಾಡುವುದಿಲ್ಲ ಎಂದು ಅದರ ಯಜಮಾನತಿ ಹೇಳಿದಳು. ಆ ಮಾತಿಗೆ ಮಾತ್ರ ವಯಸ್ಸಾಗಿಲ್ಲ. ನಾನು ನಿಮ್ಮ ಕಿವಿಯಲ್ಲಿ ಅಕ್ಕ ಹೇಳಿದ್ದನ್ನೇ ಹೇಳಿದೆ. ನೀವು ತಲೆಯೆತ್ತಿ ಕೇಳಿದಿರಿ, ಯಾವ ಮೌಶಿ ಅಜ್ಜ, ನಮ್ಮ ಕೆಳಗೆ ಯಾರಿದ್ದಾರೆ ಎಂದು.

ಇಷ್ಟು ವರ್ಷದಿಂದ ಇಲ್ಲಿದ್ದೇವೆ, ಈ ನೆಲ ಒಂದು ಸದ್ದನ್ನೂ ಕೆಳಗೆ ಬಿಡುವುದಿಲ್ಲ, ಕೆಳಗಿನವರು ಯಾರೂ ನಮ್ಮ ಬಾಗಿಲು ಬಡಿದಿಲ್ಲ. ಈ ಭಾನುವಾರ ಮಧ್ಯಾಹ್ನ ಅಕ್ಕನ ಹಳೆಯ ಗೆಜ್ಜೆ ಹೊರತೆಗೆದು ನಿಮ್ಮ ಕಾಲಿಗೆ ಕಟ್ಟುತ್ತೇನೆ. ಅದಕ್ಕೂ ಮೊದಲು ಮೂವರೂ ಮೆಟ್ಟಿಲಿಳಿದು ಹೋಗಿ, ಕೆಳಗಿನ ಮನೆಯಲ್ಲಿ ಯಾರು ಮಲಗುತ್ತಾರೆಂದು ಕೇಳಿಕೊಂಡು ಬರೋಣ.