ಬೆಂದದ್ದು ಹಸಿ ಹೇಗಾಗುತ್ತದೆ

ಸೈನ್ಯದ ಉಗ್ರಾಣದಿಂದ ನಿವೃತ್ತನಾದ ಮೇಲೆ ಹಲಸೂರಿನ ಸಣ್ಣದೊಂದು ಕಲ್ಯಾಣ ಮಂಟಪದ ಉಸ್ತುವಾರಿ ನನ್ನ ಪಾಲಿಗೆ ಬಂತು. ಅಲ್ಲಿ ನಾನು ಹಾಕಿದ ನಿಯಮ ಒಂದೇ. ಕೊನೆಯ ಪಂಕ್ತಿ ಏಳುವ ಮುಂಚೆಯೇ, ಬಡಿಸದೆ ಉಳಿದ ಅಡುಗೆಯನ್ನು ಬೇರೆ ಪಾತ್ರೆಗೆ ತೆಗೆದು ಮುಚ್ಚಬೇಕು. ಎಲೆ ಎತ್ತುವುದು ಆಮೇಲೆ. ಆ ಅಡುಗೆ ಬಿಸಿಯಿರುವಾಗಲೇ ಹಿಂದಿನ ಬೀದಿಯ ಹೆಣ್ಣುಮಕ್ಕಳ ಅನಾಥಾಲಯಕ್ಕೆ ಹೋಗುತ್ತಿತ್ತು. ಮದುವೆಯ ದಿನ ಅಲ್ಲಿ ಮಧ್ಯಾಹ್ನದ ಮೇಲೆ ಒಲೆ ಹಚ್ಚುತ್ತಿರಲಿಲ್ಲ. ಶಾಲೆಯಿಂದ ಬಂದ ಮಕ್ಕಳಿಗೆ ಇದೇ ಊಟ.

ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಕಸ ಬೇರೆ ಮಾಡಬೇಕೆಂದು ನಗರಪಾಲಿಕೆಯ ಆಜ್ಞೆ ಬಂತು. ಎರಡು ಡ್ರಮ್ ತರಿಸಿ, ಒಂದರ ಮೇಲೆ ‘ಹಸಿ’, ಇನ್ನೊಂದರ ಮೇಲೆ ‘ಒಣ’ ಎಂದು ನಾನೇ ಬಣ್ಣದಲ್ಲಿ ಬರೆದೆ. ಇಷ್ಟು ಸಾಕೆಂದುಕೊಂಡಿದ್ದೆ.

ಬೇಸಿಗೆಯ ಮೊದಲಲ್ಲಿ, ಶಾಲೆಗೆ ರಜೆ ಸಿಗುವ ಮುಂಚೆ, ಒಂದು ಮದುವೆಯಂದು ಊಟ ಮುಗಿಯುವ ಹೊತ್ತಿಗೆ ಆರೋಗ್ಯ ನಿರೀಕ್ಷಕರು ತಪಾಸಣೆಗೆ ಬಂದರು. ಒಣ ಕಸದ ಡ್ರಮ್ಮಿನ ಮುಚ್ಚಳ ತೆಗೆದರೆ ಕಾಗದದ ಲೋಟಗಳ ನಡುವೆ ಅನ್ನ, ಸಾಂಬಾರು, ಪಾಯಸ.

“ಏನಮ್ಮಾ ಇದು?” ಎಂದು ಪಾತ್ರೆ ತೊಳೆಯುವ ಹೆಂಗಸನ್ನು ಕೇಳಿದರು. ಅವಳು ಕಲಬುರಗಿ ಕಡೆಯವಳು.

“ಎಂಜಲಾ ರೀ.”

“ಹಸಿ ಕಸ ಅಲ್ವಾ ಇದು?”

“ಕುದಿಸಿದ್ದು ಹಸಿ ಹ್ಯಾಂಗ ಆಗ್ತದ್ರಿ? ಹಸೀ ಸಿಪ್ಪಿ, ಹಸೀ ಸೊಪ್ಪು ಎಲ್ಲಾ ಅದ್ರಾಗ ಹಾಕೀನಿ, ನೋಡ್ರಿ.”

ನಗು ಬಂದರೂ ತಡೆದುಕೊಂಡೆ. ನಿರೀಕ್ಷಕರು ನಗಲಿಲ್ಲ. ಮುಚ್ಚಿಟ್ಟ ಪಾತ್ರೆಗಳ ಕಡೆ ಕೈ ತೋರಿಸಿ, “ಇದು ಯಾವ ಡ್ರಮ್‌ಗೆ?” ಎಂದರು.

“ಅದು ಕಸ ಅಲ್ಲ. ಮಕ್ಕಳ ಊಟ,” ಎಂದೆ. ಅನಾಥಾಲಯದ ವಾರ್ಡನ್ ಆಗಲೇ ಆಟೋ ತಂದು ಬಾಗಿಲಲ್ಲಿ ನಿಂತಿದ್ದರು.

“ಉಳಿದಿದ್ದೆಲ್ಲಾ ಲೆಕ್ಕಕ್ಕೆ ಕಸಾನೇ ಸಾರ್. ಹೊರಗಡೆ ಕಳಿಸೋಕೆ ರೂಲ್ ಇದೆಯೋ ಇಲ್ವೋ, ಮೇಲಿನವ್ರನ್ನ ಕೇಳ್ಬೇಕು. ಅಲ್ಲೀವರೆಗೂ ಯಾರೂ ಮುಟ್ಬೇಡಿ.”

ಫೋನ್ ಮಾಡಿದರು. ಮೇಲಿನವರು ಊಟಕ್ಕೆ ಹೋಗಿದ್ದರು. ಮತ್ತೆ ಮಾಡಿದರು. ಊಟದಿಂದ ಮೀಟಿಂಗಿಗೆ ಹೋಗಿದ್ದರು. ವಾರ್ಡನ್ ಆಟೋದವನನ್ನು ಕಳಿಸಿಬಿಟ್ಟು ಒಳಗೆ ಬಂದು ಕೂತರು. “ಮಕ್ಳು ಬರೋ ಟೈಮಾಯ್ತು ಸಾರ್,” ಎಂದು ಮೆಲ್ಲಗೆ ಹೇಳಿದರು. ನಾನು ನಿರೀಕ್ಷಕರಿಗೆ ಅದನ್ನೇ ಜೋರಾಗಿ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು, ಅಷ್ಟೆ. ತಗಡಿನ ಚಾವಣಿಯ ಕೆಳಗೆ ಅಡುಗೆಮನೆ ಕಾಯುತ್ತಲೇ ಇತ್ತು.

ಬಿಸಿಲು ಇಳಿದ ಮೇಲೆ ಫೋನ್ ಬಂತು. “ಕೊಡಬಹುದಂತೆ ಸಾರ್. ನೋಡಿ, ನಿಮ್ಮ ಕೆಲಸ ಆಯ್ತು,” ಎಂದು ನಿರೀಕ್ಷಕರು ಉಪಕಾರ ಮಾಡಿದವರಂತೆ ಹೇಳಿದರು.

ಮುಚ್ಚಳ ತೆಗೆದೆ. ತೆಂಗಿನಕಾಯಿ ಹಾಕಿದ ಕೂಟು ಹುಳಿ ವಾಸನೆ ಹೊಡೆಯಿತು. ಅನ್ನ ಬೆವೆತು ಲೋಳೆಯಾಗಿತ್ತು. ಇಂಥದ್ದನ್ನು ಸಿಪಾಯಿಗಳಿಗೇ ಬಡಿಸಗೊಡದ ನಾನು ಮಕ್ಕಳಿಗೆ ಹೇಗೆ ಕೊಡಲಿ? ಕೊಡಲು ಈಗ ಅಪ್ಪಣೆಯಿತ್ತು. ಕೊಡುವುದಿಲ್ಲ ಎನ್ನಬೇಕಾದವನು ನಾನಾದೆ.

ವಾರ್ಡನ್ ವಾದಿಸಲಿಲ್ಲ. “ಹೋಗಿ ಅಕ್ಕಿ ತೊಳೀತೀನಿ ಬಿಡಿ,” ಎಂದು ಸೆರಗು ಸಿಕ್ಕಿಸಿಕೊಂಡು, ಹೆಚ್ಚುಕಡಿಮೆ ಓಡುತ್ತಲೇ ಹೋದರು.

ಆ ಪಾತ್ರೆ ಎತ್ತಿಕೊಂಡ ಕಲಬುರಗಿಯ ಹೆಂಗಸು ಎರಡು ಡ್ರಮ್ಮುಗಳ ನಡುವೆ ನಿಂತು ನಿರೀಕ್ಷಕರನ್ನೇ ಕೇಳಿದಳು: “ಈಗ ಇದು ಹಸೀನೋ, ಒಣಾನೋ, ಹೇಳಿಬಿಡ್ರಿ.”

“ಹಸಿ,” ಎಂದರು ಅವರು. ಈ ಉತ್ತರಕ್ಕೆ ಯಾರಿಗೂ ಫೋನ್ ಮಾಡಬೇಕಾಗಲಿಲ್ಲ.