ದೇವರ ಎತ್ತಿನ ಹುಲ್ಲು

ಈ ಕಥೆಯ ಮೊದಲರ್ಧ ನನಗೆ ಹೇಳಿದವನು ಕಿಲಾರಿ ಓಬಯ್ಯ. ನೊಗ ಕಾಣದ ದೇವರ ಎತ್ತುಗಳನ್ನು ಊರಾಚೆಯ ಹುಲ್ಲುಗಾವಲಾದ ಕಾವಲಿನಲ್ಲಿ ಮೇಯಿಸುವವನು. ಉಳಿದರ್ಧಕ್ಕೆ ಹೂವಿನ ಹಾರ ಹಿಡಿದು ನಿಂತಿದ್ದ ನಾನೇ ಸಾಕ್ಷಿ.

ಹೊರದೇಶದ ಬ್ಯಾಂಕಿನ ಸಾಲದಲ್ಲಿ ನಮ್ಮ ಕಾವಲನ್ನು ಹಸಿರು ಮಾಡುವ ಯೋಜನೆ ಬಂತು. ಹಸಿರು ಮಾಡಲು ಮೊದಲು ಇದ್ದ ಹುಲ್ಲನ್ನು ಜೆಸಿಬಿಯಿಂದ ಕಿತ್ತರು. ಆಮೇಲೆ ನೆಟ್ಟ ಸಸಿಗಳು ಬೇಸಿಗೆಗೆ ಒಣಗಿದವು. ಓಬಯ್ಯ ಮಾತ್ರ ದೇವರ ಹೆಸರು ಹೇಳಿ, ಯಂತ್ರಕ್ಕೆ ಅಡ್ಡ ಮಲಗಿ, ಎತ್ತುಗಳ ಮೇವಿಗೆಂದು ಒಂದು ಮಗ್ಗುಲು ಉಳಿಸಿಕೊಂಡಿದ್ದ.

ಸಾಲ ಕೊಟ್ಟವರ ಕಡೆಯ ದೊರೆ ನೋಡಲು ಬಂದಾಗ, ಊರ ಹಿರಿಯನೆಂದು ಹಾರ ಹಾಕಲು ನನ್ನನ್ನು ಕರೆದೊಯ್ದರು. ಜೀಪು ಸತ್ತ ಸಸಿಗಳ ಕಡೆ ತಿರುಗಲಿಲ್ಲ. ನೆಟ್ಟಗೆ ಓಬಯ್ಯನ ಹುಲ್ಲಿಗೇ ಹೋಗಿ ನಿಂತಿತು. ದೊರೆಗೆ ಬಹಳ ಸಂತೋಷವಾಯಿತು. ಇದನ್ನು ಬೆಳೆಸಿದ್ದು ಯಾರು ಎಂದು ಜೊತೆಗಿದ್ದವರಿಂದ ನನ್ನನ್ನೇ ಕೇಳಿಸಿದರು.

“ಶಿವ ಮಳೆ ಕೊಟ್ಟ, ಎತ್ತು ಗೊಬ್ಬರ ಹಾಕಿದ್ವು ಸ್ವಾಮಿ” ಅಂದೆ.

ಯೋಜನೆಯ ಸಾಹೇಬರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ನನ್ನ ಒಂದು ಮಾತು ಅವರ ಬಾಯಲ್ಲಿ ಭಾಷಣದಷ್ಟು ಉದ್ದವಾಯಿತು. ದೊರೆ ನನ್ನ ಕೈ ಕುಲುಕಿ, ಇನ್ನಷ್ಟು ಸಾಲ ಕೊಡಿಸುತ್ತೇನೆಂದರು.

ಆ ಸಾಲದ ಜೆಸಿಬಿ ಓಬಯ್ಯನ ಹುಲ್ಲಿಗೇ ಇಳಿಯಿತು. ಹಸಿರು ಚೆನ್ನಾಗಿ ಬರುವ ನೆಲ ಅದೇ ಎಂದು ಗೊತ್ತಾಗಿತ್ತಲ್ಲ. ಈ ಸಲ ದೇವರ ಹೆಸರೂ ನಡೆಯಲಿಲ್ಲ.

“ಏನ್ರೀ ಗೌಡ್ರೇ, ನಮ್ಮ ಎತ್ತು ಈಗ ಏನ್ ತಿನ್ಬೇಕು? ಆ ಹಾರ ಆದ್ರೂ ಐತಾ?” ಎಂದ ಓಬಯ್ಯ.

ದೊರೆ ಎಲ್ಲಿರುತ್ತಾರೋ ನನಗೆ ಗೊತ್ತಿಲ್ಲ. ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿ, ಹೇಗಾದರೂ ದೊರೆಯ ಕಿವಿಗೆ ಮುಟ್ಟಲಿ. ಇಂಗ್ಲಿಷಿಗೆ ತಿರುಗಿಸಲು ಮಾತ್ರ ಆ ಸಾಹೇಬರ ಕೈಗೆ ಕೊಡಬೇಡಿ.